ಮಂಟಪ ಅಂದ್ರೆ ಕಟ್ಟಡವಾ, ಮಾತುಕತೆಯಾ? ಉತ್ತಂಗಿ ಚನ್ನಪ್ಪನವರ ಬದುಕು ಕೇಳುವ ಪ್ರಶ್ನೆ

ಪ್ರತಿ ವರ್ಷ ಭರತ ಹುಣ್ಣಿಮೆಯ ಹೊತ್ತಿಗೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಜಾತ್ರೆ ಸೇರುತ್ತೆ. ಲಕ್ಷಗಟ್ಟಲೆ ಜನರ ನಡುವೆ ಗೊರವಯ್ಯ ಬಿಲ್ಲೇರಿ, ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳುತ್ತಾರೆ. ಅದೇ ಕಾರ್ಣಿಕ. ಗೊರವಯ್ಯ ನೆಲ ಮುಟ್ಟುವ ಮೊದಲೇ ಅರ್ಥದ ಜಗಳ ಶುರುವಾಗಿರುತ್ತೆ. ರೈತರಿಗೆ ಅದರಲ್ಲಿ ಮಳೆ ಕಾಣುತ್ತೆ, ವ್ಯಾಪಾರಿಗೆ ಪೇಟೆಯ ಧಾರಣೆ ಕಾಣುತ್ತೆ, ಟಿವಿ ಚಾನೆಲ್‌ಗಳಿಗೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರೆ ಬೇರೇನೂ ಕಾಣಲ್ಲ. ಆಡಿದ ಮಾತು ಯಾವುದು ಅನ್ನೋದರಲ್ಲಿ ಸಾಮಾನ್ಯವಾಗಿ ತಕರಾರು ಇರಲ್ಲ. ಆ ಮಾತು ಯಾವುದನ್ನು ಕುರಿತದ್ದು ಅನ್ನೋದರಲ್ಲೇ ಎಲ್ಲ ತಕರಾರು.

ಕಾರ್ಣಿಕದ ವಿಷಯದಲ್ಲಿ ಇದರಿಂದ ಯಾರಿಗೂ ದೊಡ್ಡ ಹಾನಿಯಿಲ್ಲ. ಅದು ಒಗಟಿನ ಮಾತು ಅಂತ ಕೇಳುವವರಿಗೆಲ್ಲ ಮೊದಲೇ ಗೊತ್ತು. ಕಷ್ಟ ಇರೋದು ಒಗಟಿನಂತೆ ಕಾಣದ ಪದಗಳಲ್ಲಿ. ಧರ್ಮ, ಜಾತಿ, ಮತಾಂತರ, ಲಿಂಗಾಯತ, ಅನುಭವ ಮಂಟಪ: ಈ ಪದಗಳನ್ನು ಬಳಸುವ ಪ್ರತಿಯೊಬ್ಬರಿಗೂ ಅರ್ಥ ತನಗೆ ಗೊತ್ತಿದೆ, ಎದುರಿನವರಿಗೂ ಅದೇ ಅರ್ಥ ಅನ್ನೋ ನಂಬಿಕೆ. ಹಾಗಾಗಿ ವಾದ ವರ್ಷಗಟ್ಟಲೆ ನಡೆಯುತ್ತೆ, ಒಂದು ಹೆಜ್ಜೆಯೂ ಮುಂದೆ ಹೋಗಲ್ಲ.

ಮೈಲಾರದ ತಾಲ್ಲೂಕಿನಲ್ಲೇ ಉತ್ತಂಗಿ ಅನ್ನೋ ಊರಿದೆ. ಆ ಊರನ್ನು ಹೆಸರಿನಲ್ಲಿ ಹೊತ್ತ ಒಬ್ಬ ಕ್ರೈಸ್ತ ಪಾದ್ರಿ ತನ್ನ ಜೀವನದ ಬಹುಭಾಗವನ್ನು ಇಂಥ ಪದಗಳ ನಡುವೆಯೇ ಕಳೆದರು. ರೆವರೆಂಡ್ ಉತ್ತಂಗಿ ಚನ್ನಪ್ಪ, 1881–1962. ಶಾಲೆಯಲ್ಲಿ ಸರ್ವಜ್ಞನ ತ್ರಿಪದಿ ಕಲಿತ ನಮ್ಮಲ್ಲಿ ಎಷ್ಟೋ ಜನ, ಅವು ನಮ್ಮ ಕೈಗೆ ಬರಲು ಮುಖ್ಯ ಕಾರಣವಾದ ಈ ಮನುಷ್ಯನ ಹೆಸರನ್ನೇ ಕೇಳಿರಲ್ಲ. ಅವರ ಬಗ್ಗೆ ಈಗ ಬರೆಯೋಕೆ ನನಗಿರುವ ಕಾರಣ ಬೇರೆ. ಅವರು ತೊಡಗಿಕೊಂಡಿದ್ದ ಜಗಳಗಳು ಇನ್ನೂ ಮುಗಿದಿಲ್ಲ. ನಮ್ಮ ಟೈಮ್‌ಲೈನ್‌ನಲ್ಲಿ ದಿನಾ ಓಡ್ತಿರೋದು ಅವೇ.

ಒಂದು ಊರು, ಎರಡು ಮನೆ

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಮನೆತನದ ಮೂಲ ಉತ್ತಂಗಿ. ಲಿಂಗಾಯತ ಕುಟುಂಬ, ಹಿಂದಿನ ತಲೆಮಾರಿನಲ್ಲಿ ಕ್ರೈಸ್ತರಾದವರು. ಹೆಸರು ಚನ್ನಪ್ಪ ಅಂತಲೇ ಉಳಿಯಿತು, ಊರ ಹೆಸರೂ ಉಳಿಯಿತು, ಪ್ರಾರ್ಥನೆಯ ಜಾಗ ಬದಲಾಯಿತು. ಇಂಥ ಮನೆಯಲ್ಲಿ ಹುಟ್ಟಿದ ಮಗುವಿಗೆ ನಮ್ಮವರು ಅನ್ನೋ ಪದದ ಅರ್ಥ ಸುಲಭವಾಗಿ ಸಿಗೋದಲ್ಲ. ಯಾರಾದರೂ ಕೇಳಿದಾಗಲೆಲ್ಲ ಯೋಚಿಸಿ ಹೇಳಬೇಕಾದ ಪದ ಅದು.

ಆಗಿನ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು, ಉತ್ತಂಗಿ ಮದ್ರಾಸ್ ಪ್ರಾಂತ್ಯದಲ್ಲಿ. ನಡುವೆ ತುಂಗಭದ್ರೆ. ಎರಡೂ ಕಡೆ ಮಾತು ಕನ್ನಡ, ಸರ್ಕಾರಿ ಕಾಗದದ ಮೇಲೆ ಮಾತ್ರ ಬೇರೆ ಬೇರೆ ಲೋಕ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1837ರ ಹೊತ್ತಿಗೆ ಧಾರವಾಡದಲ್ಲೂ ಕೆಲಸ ಶುರುಮಾಡಿತ್ತು. ಚನ್ನಪ್ಪನವರು ಆ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನ ಸೆಮಿನರಿಯಲ್ಲಿ ದೈವಶಾಸ್ತ್ರ ಕಲಿತು, ಪಾದ್ರಿಯಾಗಿ ಹುಬ್ಬಳ್ಳಿಯ ಸೀಮೆಗೆ ವಾಪಸ್ ಬಂದರು.

ಬಾಸೆಲ್ ಮಿಷನ್ ಅಂದಾಗ ಕಿಟೆಲ್ ನೆನಪಾಗದೆ ಇರಲ್ಲ. ಅವರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿದ್ದು 1894ರಲ್ಲಿ. ಚನ್ನಪ್ಪನವರು ಆಗ ಹನ್ನೆರಡು-ಹದಿಮೂರರ ಹುಡುಗ. ಆ ನಿಘಂಟಿನ ದೊಡ್ಡ ಗುಣ ಅಂದ್ರೆ ಪದದ ಮುಂದೆ ಅರ್ಥ ಬರೆದು ಕೈತೊಳೆದುಕೊಳ್ಳದೆ, ಆ ಪದ ಎಲ್ಲೆಲ್ಲಿ ಬಳಕೆಯಾಗಿದೆ, ಕಾವ್ಯದಲ್ಲಿ, ಗಾದೆಯಲ್ಲಿ, ಆಡುಮಾತಿನಲ್ಲಿ ಅಂತ ತೋರಿಸೋದು. ಅರ್ಥದ ಬಗ್ಗೆ ಜಗಳ ಬಂದರೆ ಬಳಕೆಗೆ ಹೋಗಬೇಕು, ಬಳಕೆ ಬೇಕು ಅಂದ್ರೆ ಜನರ ಬಳಿಗೆ ಹೋಗಬೇಕು. ಆ ಮಿಷನ್ನಿನ ಶಾಲೆಯಲ್ಲಿ ಬೆಳೆದ ಚನ್ನಪ್ಪನವರು ಮುಂದೆ ಮಾಡಿದ್ದೂ ಇದನ್ನೇ.

ಅದೇ ಧಾರವಾಡದಲ್ಲಿ ಒಂದು ವರ್ಷ ಮೊದಲು, 1880ರಲ್ಲಿ, ಇನ್ನೊಬ್ಬರು ಹುಟ್ಟಿದ್ದರು: ಫ.ಗು. ಹಳಕಟ್ಟಿ. ವಿಜಯಪುರದಲ್ಲಿ ವಕೀಲಿ ಮಾಡುತ್ತ, ಮಠ-ಮನೆಗಳ ಅಟ್ಟದ ಮೇಲಿದ್ದ ತಾಳೆಗರಿಗಳಿಂದ ಶರಣರ ವಚನಗಳನ್ನು ಹುಡುಕಿ ತೆಗೆದವರು. ಅವರು ತಮ್ಮ 'ವಚನಶಾಸ್ತ್ರಸಾರ'ವನ್ನು ಅಚ್ಚಿಗಾಗಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಕಳಿಸಿದಾಗ ಅವರು ಒಪ್ಪದೆ ಹಸ್ತಪ್ರತಿ ವಾಪಸ್ ಕಳಿಸಿದರು ಅನ್ನೋ ಕಥೆ ಬಹಳ ಪ್ರಸಿದ್ಧ. ಕೊನೆಗೆ ಅದರ ಮೊದಲ ಭಾಗ 1923ರಲ್ಲಿ ಹೊರಬಂತು. ಮಿಷನ್ನಿನ ಪ್ರೆಸ್ ಬೇಡ ಅಂದ ಸಾಹಿತ್ಯಕ್ಕೆ ಅದೇ ಮಿಷನ್ನಿನ ಒಬ್ಬ ಪಾದ್ರಿ ಮುಂದೆ ತನ್ನ ಅರ್ಧ ಆಯುಷ್ಯ ಕೊಟ್ಟರು. ಸಂಸ್ಥೆ ಅಂದ್ರೆ ಏನು, ಅದರೊಳಗಿನ ಮನುಷ್ಯ ಅಂದ್ರೆ ಏನು, ಎರಡನ್ನೂ ಒಂದೇ ಅಂದುಕೊಂಡವರಿಗೆ ಈ ಸಂಗತಿ ಅರ್ಥವಾಗಲ್ಲ.

ವಿನಂತಿ ಅನ್ನೋ ಪದ

ಚನ್ನಪ್ಪನವರ ಆರಂಭದ ಪುಸ್ತಕಗಳಲ್ಲಿ ಒಂದರ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಶೀರ್ಷಿಕೆಯ ಮೂರು ಪದಗಳನ್ನೂ ನಿಧಾನಕ್ಕೆ ಓದಿ. ಬನಾರಸ ಅಂದ್ರೆ ಹಿಂದೂ ಲೋಕ, ಬೆತ್ಲೆಹೇಮ್ ಅಂದ್ರೆ ಕ್ರಿಸ್ತ ಹುಟ್ಟಿದ ಊರು. ವಸಾಹತು ಕಾಲದ ಪಾದ್ರಿಯೊಬ್ಬ ಇವೆರಡರ ನಡುವೆ ಇಡಬಹುದಾಗಿದ್ದ ಪದಗಳು ಬೇಕಾದಷ್ಟಿದ್ದವು. ಉಪದೇಶ ಅನ್ನಬಹುದಿತ್ತು, ಸಂದೇಶ ಅನ್ನಬಹುದಿತ್ತು, ಎಚ್ಚರಿಕೆ ಅಂತಲೂ ಅನ್ನಬಹುದಿತ್ತು. ಆಳುವವರ ಧರ್ಮ ಅದು, ದನಿ ಏರಿಸೋಕೆ ಅಡ್ಡಿಯೇನೂ ಇರಲಿಲ್ಲ. ಅವರು ಆರಿಸಿದ್ದು ವಿನಂತಿ. ವಿನಂತಿ ಮಾಡುವವನು ಎದುರಿನವರ ಬೇಡ ಅನ್ನುವ ಹಕ್ಕನ್ನು ಮೊದಲೇ ಒಪ್ಪಿಕೊಂಡಿರುತ್ತಾನೆ.

ಮತಪ್ರಚಾರ ಅನ್ನೋ ಪದದ ಬಗ್ಗೆ ಇವತ್ತು ನಡೆಯುವ ಜಗಳದಲ್ಲಿ ಈ ವ್ಯತ್ಯಾಸವೇ ಕಾಣೆಯಾಗಿದೆ. ಒಂದು ಕಡೆಯವರಿಗೆ ಪ್ರಚಾರ ಅಂದ್ರೆ ಮೋಸ, ಇನ್ನೊಂದು ಕಡೆಯವರಿಗೆ ಅದು ಹಕ್ಕು. ಒಬ್ಬ ಮನುಷ್ಯ ಇನ್ನೊಬ್ಬನ ಮನೆಬಾಗಿಲಲ್ಲಿ ನಿಂತು ತಾನು ನಂಬಿದ್ದನ್ನು ಹೇಳಿ, ಉತ್ತರಕ್ಕೆ ಕಾಯೋದಕ್ಕೆ ಏನು ಹೆಸರು? ಚನ್ನಪ್ಪನವರ ಬಳಿ ಅದಕ್ಕೊಂದು ಹೆಸರಿತ್ತು.

ಕಾಯುತ್ತ ನಿಂತವನು ಕೇಳಿಸಿಕೊಳ್ಳಲೂ ಬೇಕಾಗುತ್ತೆ. ಹಳ್ಳಿಗಳನ್ನು ಸುತ್ತುತ್ತಿದ್ದ ಈ ಪಾದ್ರಿಯ ಕಿವಿಗೆ ಬಿದ್ದದ್ದು ಸರ್ವಜ್ಞ.

ಸರ್ವಜ್ಞ: ಯಾರ ಹೆಸರು, ಎಂಥ ಹೆಸರು

ಸರ್ವಜ್ಞನ ಪದ್ಯಗಳು ಆಗ ಊರೂರಿನ ಬಾಯಲ್ಲಿದ್ದವು. ಭಿಕ್ಷುಕರು ಹೇಳ್ತಿದ್ದರು, ಅಜ್ಜಿಯರು ಹೇಳ್ತಿದ್ದರು, ಜಗಳ ಬಿಡಿಸುವ ಹಿರಿಯರು ಹೇಳ್ತಿದ್ದರು. ಅಲ್ಲಲ್ಲಿ ಕೈಬರಹದ ಪ್ರತಿಗಳೂ ಇದ್ದವು. ಚನ್ನಪ್ಪನವರು ಬಾಯಿಂದಲೂ ಪ್ರತಿಗಳಿಂದಲೂ ಅವನ್ನು ಕೂಡಿಹಾಕಿ, ಹೋಲಿಸಿ, ವಿಷಯವಾರು ಜೋಡಿಸಿ 1924ರಲ್ಲಿ 'ಸರ್ವಜ್ಞನ ವಚನಗಳು' ಹೊರತಂದರು. ಸುಮಾರು 2000 ತ್ರಿಪದಿಗಳ ಸಂಗ್ರಹ ಅದು. ರೆಕಾರ್ಡರ್ ಇಲ್ಲ, ಜೆರಾಕ್ಸ್ ಇಲ್ಲ, ಯೂನಿವರ್ಸಿಟಿಯ ಅನುದಾನವೂ ಇಲ್ಲ.

ಈ ಕೆಲಸದ ಪ್ರತಿ ಹೆಜ್ಜೆಯಲ್ಲೂ ಪದದ ಅರ್ಥದ ಪ್ರಶ್ನೆ ಎದುರಾಗುತ್ತೆ. ಮೊದಲನೆಯದು ಆ ಹೆಸರೇ. ಸರ್ವಜ್ಞ ಅಂದ್ರೆ ಎಲ್ಲ ಬಲ್ಲವನು. ಅದು ಅಪ್ಪ-ಅಮ್ಮ ಇಟ್ಟ ಹೆಸರಾ, ಜನ ಕೊಟ್ಟ ಬಿರುದಾ, ದೇವರನ್ನು ಕರೆಯುವ ಅಂಕಿತವಾ ಅಥವಾ ಕವಿಯ ಜಂಬವಾ? ಜಂಬ ಅಂತ ಓದಿದರೆ ಇಡೀ ಪದ್ಯದ ದನಿ ಒಂದು ಥರ ಕೇಳುತ್ತೆ. ಎಲ್ಲರಿಂದ ಒಂದೊಂದು ನುಡಿ ಕಲಿತವನು ಅಂತ ಓದಿದರೆ ಅದೇ ಪದ್ಯ ಪೂರ್ತಿ ಬೇರೆಯಾಗಿ ಕೇಳುತ್ತೆ.

ಎರಡನೆಯದು, ಯಾವ ಪದ್ಯ ನಿಜವಾಗಿ ಅವನದು? ಪದ್ಯದ ಕೊನೆಯಲ್ಲಿ ಸರ್ವಜ್ಞ ಅಂತ ಬರುತ್ತೆ. ಆ ಪದವನ್ನು ಯಾರು ಬೇಕಾದರೂ ತಮ್ಮ ಪದ್ಯದ ಕೊನೆಗೆ ಅಂಟಿಸಬಹುದು. ನೂರಾರು ವರ್ಷ ಹಾಗೆ ಅಂಟಿಸಿದ್ದಾರೆ ಕೂಡ. ಜಾತಿಯನ್ನು ಬೈಯುವ ಪದ್ಯಕ್ಕೂ ಸರ್ವಜ್ಞ, ಜಾತಿಗಳನ್ನು ಹೆಸರಿಸಿ ಗೇಲಿ ಮಾಡುವ ಪದ್ಯಕ್ಕೂ ಸರ್ವಜ್ಞ. ಹಾಗಿದ್ದರೆ ಸರ್ವಜ್ಞ ಅಂದ್ರೆ ಒಬ್ಬ ಮನುಷ್ಯನಾ, ಒಂದು ಪರಂಪರೆಯಾ?

ಮೂರನೆಯದು ಪುಸ್ತಕದ ಹೆಸರಿನಲ್ಲೇ ಇದೆ. ಶಾಸ್ತ್ರದ ಪ್ರಕಾರ ಇವು ತ್ರಿಪದಿಗಳು, ಛಂದಸ್ಸಿರುವ ಪದ್ಯಗಳು. ವಚನ ಅಂದ್ರೆ ಛಂದಸ್ಸಿನ ಕಟ್ಟಿಲ್ಲದ ಶರಣರ ಮಾತು. ಆದರೂ ಜನ ಇವನ್ನು ಸರ್ವಜ್ಞನ ವಚನ ಅಂತಲೇ ಕರೆದರು, ಚನ್ನಪ್ಪನವರೂ ಹಾಗೇ ಕರೆದರು. ಪಂಡಿತರ ಪದವಾ, ಜನರ ಪದವಾ ಅನ್ನೋ ಪ್ರಶ್ನೆ ಬಂದಾಗ ಮುಖಪುಟದ ಮೇಲೆ ಜನರ ಪದ ಕೂತಿತು.

ಚನ್ನಪ್ಪನವರಿಗೆ 'ತಿರುಳ್ಗನ್ನಡದ ತಿರುಕ' ಅನ್ನೋ ಹೆಸರು ಅಂಟಿಕೊಂಡಿದ್ದಕ್ಕೂ ಒಂದು ಹಿನ್ನೆಲೆಯಿದೆ. ಸುಮಾರು 850ರ ಕವಿರಾಜಮಾರ್ಗ, ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದದ ನಡುವಿನ ಸೀಮೆಯ ಕನ್ನಡವನ್ನು ಕನ್ನಡದ ತಿರುಳು ಅಂತ ಗುರುತಿಸಿತ್ತು. ಹಡಗಲಿ ಆ ಸೀಮೆಯ ದಕ್ಷಿಣದ ಅಂಚಿಗೆ, ಹೊಳೆಯಾಚೆಗಿದೆ. ತಿರುಕ ಅಂದ್ರೆ ಬೇಡಿ ತಿನ್ನುವವನು. ನಮ್ಮ ಸಮಾಜದಲ್ಲಿ ಅದು ಬೈಗುಳ. ಮನೆಮನೆ ತಿರುಗಿ ಪದ್ಯ ಬೇಡಿ ತಂದ ಈ ಮನುಷ್ಯನ ಹೆಸರಿನ ಪಕ್ಕ ಅದು ಗೌರವದ ಪದವಾಗಿ ಕೂತಿತು. ಪದ ಅದೇ, ಬಳಸಿದ ಜಾಗ ಬೇರೆ.

2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಕೆಲವೇ ದಿನಗಳಲ್ಲಿ ಚೆನ್ನೈನಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾದವು. ಎರಡು ರಾಜ್ಯಗಳ ಮುಖ್ಯಮಂತ್ರಿಗಳು ಸೇರಿ ಮಾಡಿದ ಆ ಒಪ್ಪಂದದಲ್ಲಿ ಕನ್ನಡದ ಕಡೆಯಿಂದ ಇಡೋಕೆ ಒಬ್ಬ ಕವಿ ಸಿಕ್ಕಿದ್ದರ ಹಿಂದೆ 1924ರ ಆ ಪುಸ್ತಕವಿದೆ.

ಕಲಬುರಗಿಯ ವೇದಿಕೆ

1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚನ್ನಪ್ಪನವರು ಅಧ್ಯಕ್ಷರಾದರು. ಎರಡು ವರ್ಷ ಹಿಂದೆ, 1947ರಲ್ಲಿ, ಸಮ್ಮೇಳನ ಹಡಗಲಿಯ ನೆರೆಯ ಹರಪನಹಳ್ಳಿಯಲ್ಲಿ ನಡೆದಿತ್ತು. ಕಲಬುರಗಿಯ ಸಂದರ್ಭ ಮಾತ್ರ ಬೇರೆಯೇ ಆಗಿತ್ತು. 1948ರ ಸೆಪ್ಟೆಂಬರ್‌ನಲ್ಲಷ್ಟೇ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತ್ತು. ಧರ್ಮದ ಹೆಸರಿನಲ್ಲಿ ಹರಿದ ರಕ್ತ ಇನ್ನೂ ಒಣಗಿರಲಿಲ್ಲ. ಅಂಥ ನೆಲದಲ್ಲಿ, ಆ ಹೊತ್ತಿನಲ್ಲಿ, ಕನ್ನಡದ ಅತ್ಯಂತ ದೊಡ್ಡ ವೇದಿಕೆಯ ಮೇಲೆ ಒಬ್ಬ ಕ್ರೈಸ್ತ ಪಾದ್ರಿ ಕೂತರು.

ಆಗ ಕನ್ನಡ ನಾಡು ಅನ್ನೋ ಪದಕ್ಕೆ ನಕ್ಷೆಯಲ್ಲಿ ಅರ್ಥವೇ ಇರಲಿಲ್ಲ. ಧಾರವಾಡ ಮುಂಬೈನಲ್ಲಿ, ಬಳ್ಳಾರಿ ಮದ್ರಾಸಿನಲ್ಲಿ, ಕಲಬುರಗಿ ಹೈದರಾಬಾದಿನಲ್ಲಿ, ಮೈಸೂರು ಬೇರೆ, ಕೊಡಗು ಬೇರೆ. ಹಡಗಲಿ ಸೇರಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ಕ್ಕೆ, ಅದೂ ಬಳ್ಳಾರಿ ಕನ್ನಡದ್ದೋ ತೆಲುಗಿನದ್ದೋ ಅನ್ನೋ ದೊಡ್ಡ ತಕರಾರಿನ ನಂತರ. ಏಕೀಕರಣ 1956ರಲ್ಲಿ ಆಯ್ತು, ಕರ್ನಾಟಕ ಅನ್ನೋ ಹೆಸರು ಬಂದಿದ್ದು 1973ರಲ್ಲಿ. ಕನ್ನಡಿಗ ಅಂದ್ರೆ ಯಾರು ಅನ್ನೋ ಪ್ರಶ್ನೆಗೆ ಕಾನೂನಿನ ಉತ್ತರ ಇನ್ನೂ ಸಿಗದಿದ್ದ ಕಾಲದಲ್ಲಿ ಸಮ್ಮೇಳನ ತನ್ನ ಉತ್ತರ ಕೊಟ್ಟಿತ್ತು. ಕನ್ನಡದ ಕೆಲಸ ಮಾಡಿದವರು ಕನ್ನಡಿಗರು, ಅವರ ಪ್ರಾರ್ಥನೆ ಯಾವ ದಿಕ್ಕಿಗಿದ್ದರೂ ಸರಿ.

ಅನುಭವ ಮಂಟಪ ಇತ್ತಾ?

ಅಷ್ಟರಲ್ಲಿ ಚನ್ನಪ್ಪನವರು ಬಸವಣ್ಣನ ಲೋಕದೊಳಗೆ ಬಹಳ ದೂರ ಹೋಗಿದ್ದರು. ಬಸವಣ್ಣ ಮತ್ತು ಅಸ್ಪೃಶ್ಯರ ಉದ್ಧಾರದ ಬಗ್ಗೆ ಬರೆದರು. ಮೋಳಿಗೆ ಮಾರಯ್ಯ, ಸಿದ್ಧರಾಮ, ಆದಯ್ಯರ ವಚನಗಳನ್ನು ಸಂಪಾದಿಸಿದರು. ಅನುಭವ ಮಂಟಪವೇ ಲಿಂಗಾಯತ ಧರ್ಮದ ಹೃದಯ ಅಂತ ಪುಸ್ತಕ ಬರೆದರು. ಇಂಥವರಿಗೆ ಎರಡೂ ಕಡೆಯ ಅನುಮಾನ ತಪ್ಪಿದ್ದಲ್ಲ. ಪಾದ್ರಿಗೆ ಬಸವಣ್ಣ ಯಾಕೆ ಅನ್ನೋದು ಒಂದು ಪ್ರಶ್ನೆ, ಬಸವಣ್ಣ ಇಷ್ಟೊಂದು ಬೇಕಾದವರಿಗೆ ಚರ್ಚ್ ಯಾಕೆ ಅನ್ನೋದು ಇನ್ನೊಂದು.

ಆಗ ವಿದ್ವಾಂಸರ ನಡುವೆ ಒಂದು ಬಿಸಿ ಚರ್ಚೆ ನಡೀತಿತ್ತು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪ ಅನ್ನೋದು ನಿಜವಾಗಿ ಇತ್ತಾ ಅಥವಾ ಅದು ನಂತರದವರ ಕಲ್ಪನೆಯಾ? 1950ರ ದಶಕದ ಆರಂಭದಲ್ಲಿ ಚನ್ನಪ್ಪನವರು 'ಅನುಭವ ಮಂಟಪದ ಐತಿಹಾಸಿಕತೆ' ಅನ್ನೋ ಪುಸ್ತಕದೊಂದಿಗೆ ಈ ಚರ್ಚೆಗೆ ಇಳಿದರು. ಅವರ ನಿಲುವಿನಲ್ಲಿ ಅನುಮಾನಕ್ಕೆ ಜಾಗ ಇರಲಿಲ್ಲ. ಇತ್ತು ಅನ್ನೋದೇ ಅವರ ಪಕ್ಷ.

ಎರಡೂ ಕಡೆಯ ವಾದ ನೋಡೋಣ. ಇಲ್ಲ ಅನ್ನುವವರ ಕೈಯಲ್ಲಿ ಗಟ್ಟಿ ಕಾರಣಗಳಿದ್ದವು. ಬಸವಣ್ಣನ ನಂತರ ಕೆಲವೇ ದಶಕಗಳಲ್ಲಿ ಹರಿಹರ ಬರೆದ ಬಸವರಾಜದೇವರ ರಗಳೆಯಲ್ಲಿ ಅನುಭವ ಮಂಟಪದ ಹೆಸರಿಲ್ಲ. ಬಸವಣ್ಣನನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನದಲ್ಲೂ ಇಲ್ಲ. ಅಲ್ಲಮ ಶೂನ್ಯಸಿಂಹಾಸನದ ಮೇಲೆ ಕೂತು ಶರಣರನ್ನು ಪ್ರಶ್ನಿಸುವ ಚಿತ್ರ ಪೂರ್ಣವಾಗಿ ಸಿಗೋದು ಶೂನ್ಯಸಂಪಾದನೆಗಳಲ್ಲಿ. ಅವು ಹದಿನೈದನೇ ಶತಮಾನ ಮತ್ತು ಆಮೇಲಿನವು, ಅಂದ್ರೆ ಕಲ್ಯಾಣದ ಘಟನೆಗಳಿಗಿಂತ ಹತ್ತಿರತ್ತಿರ ಮುನ್ನೂರು ವರ್ಷ ಈಚಿನವು. ಕೆಲವು ಶರಣರ ಹೆಸರಿನ ವಚನಗಳಲ್ಲಿ ಆ ಪದ ಬರುತ್ತೆ ನಿಜ, ಆದರೆ ನಮಗೆ ಸಿಕ್ಕ ಹಸ್ತಪ್ರತಿಗಳು ಬಹಳ ಈಚಿನವು. ನಡುವೆ ಯಾರು ಏನು ಸೇರಿಸಿದರೋ ಅನ್ನೋ ಸಂಶಯ ತಳ್ಳಿಹಾಕುವಂಥದ್ದಲ್ಲ.

ಇತ್ತು ಅನ್ನುವವರ ಕಾರಣಗಳೂ ಕಡಿಮೆ ತೂಕದವಲ್ಲ. ವಚನಗಳಲ್ಲಿ ಬಸವಣ್ಣನ ಮಹಾಮನೆಯ ಮಾತು ಬರುತ್ತೆ, ಅನುಭಾವದ ಮಾತು, ಶರಣರು ಕೂಡಿ ಮಾತಾಡಿದ ಮಾತು ಬರುತ್ತೆ. ಅದಕ್ಕಿಂತ ಮುಖ್ಯವಾಗಿ, ಕಟ್ಟಿಗೆ ಮಾರುವವ, ಹಗ್ಗ ಹೊಸೆಯುವವ, ದೋಣಿ ನಡೆಸುವವ, ಮಂತ್ರಿ, ಚಮ್ಮಾರ ಎಲ್ಲರೂ ಕಾಯಕ, ದಾಸೋಹ, ಜಂಗಮ, ಸ್ಥಲ ಅನ್ನೋ ಒಂದೇ ಪದಗಳ ಗಂಟನ್ನು ಹಂಚಿಕೊಂಡಿದ್ದಾರೆ, ಅವುಗಳ ಅರ್ಥದ ಬಗ್ಗೆ ಒಬ್ಬರನ್ನೊಬ್ಬರು ಪ್ರಶ್ನಿಸಿದ್ದಾರೆ. ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಈ ಕಾರಣ ಬೇಗ ಹತ್ತುತ್ತೆ. ಬೇರೆ ಬೇರೆ ಕಡೆಯಿಂದ ಬಂದ ಯಂತ್ರಗಳು ಒಂದೇ ಪ್ರೋಟೋಕಾಲ್‌ನಲ್ಲಿ ಮಾತಾಡ್ತಿದ್ದರೆ, ಯಾವುದೋ ಹೊತ್ತಿನಲ್ಲಿ ಅವುಗಳನ್ನು ಮಾಡಿದವರು ಕೂತು ಆ ಪ್ರೋಟೋಕಾಲ್ ಬಗ್ಗೆ ಜಗಳ ಆಡಿರಲೇಬೇಕು.

ಈಗ ಗಮನಿಸಿ. ಇಲ್ಲ ಅನ್ನುವವರು ಹುಡುಕ್ತಿರೋದು ಒಂದು ಸಂಸ್ಥೆಯನ್ನು: ಹೆಸರಿಟ್ಟ ಜಾಗ, ಪೀಠ, ಅಧ್ಯಕ್ಷ, ಸದಸ್ಯರ ಲೆಕ್ಕ. ಇತ್ತು ಅನ್ನುವವರ ಗಟ್ಟಿ ಸಾಕ್ಷ್ಯ ತೋರಿಸೋದು ಒಂದು ರೂಢಿಯನ್ನು: ಕೂಡಿ ಕೂತು ಪ್ರಶ್ನೆ ಕೇಳುವ ರೂಢಿ. ಮಂಟಪ ಅಂದ್ರೆ ಕಟ್ಟಡ ಅಂತ ಓದಿದರೆ ಸಾಕ್ಷ್ಯ ತೆಳು. ಮಂಟಪ ಅಂದ್ರೆ ಆ ಕೂಟ ಅಂತ ಓದಿದರೆ ಸಾಕ್ಷ್ಯ ಸಾಕಷ್ಟಿದೆ. ಎರಡೂ ಕಡೆಯವರು ಏಕಕಾಲಕ್ಕೆ ಸರಿಯಿರಬಹುದು, ಯಾಕಂದ್ರೆ ಒಂದೇ ಪದ ಬಳಸಿ ಬೇರೆ ಬೇರೆ ವಸ್ತುವಿನ ಬಗ್ಗೆ ಮಾತಾಡ್ತಿದ್ದಾರೆ.

ಹಾಗಂತ, ಎಲ್ಲರೂ ಸರಿ ಅಂತ ಎದ್ದು ಹೋಗೋದು ನನಗೆ ಒಪ್ಪಿಗೆಯಿಲ್ಲ. ಯಾವ ಅರ್ಥ ಆರಿಸಿಕೊಳ್ತೀವಿ ಅನ್ನೋದರ ಮೇಲೆ ನಾವು ಮುಂದೆ ಏನು ಮಾಡ್ತೀವಿ ಅನ್ನೋದು ನಿಂತಿದೆ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಪಾರ್ಲಿಮೆಂಟ್ ಅಂತ ಕರೆಯೋದು ಈಗ ಎಲ್ಲ ಪಕ್ಷಗಳಿಗೂ ರೂಢಿ. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಹೊಸ ಸಂಸತ್ ಭವನಕ್ಕೆ ಅಡಿಗಲ್ಲು ಹಾಕುವಾಗ ಪ್ರಧಾನಿ ಅನುಭವ ಮಂಟಪವನ್ನು ನೆನೆದರು. ಮುಂದಿನ ತಿಂಗಳೇ, 2021ರ ಜನವರಿಯಲ್ಲಿ, ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ ರಾಜ್ಯ ಸರ್ಕಾರ ಅಡಿಗಲ್ಲು ಹಾಕಿತು. 2024ರ ಜನವರಿಯಲ್ಲಿ ಇನ್ನೊಂದು ಪಕ್ಷದ ಸರ್ಕಾರ ಬಸವಣ್ಣನನ್ನು ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು.

ಪಾರ್ಲಿಮೆಂಟ್ ಅಂದ್ರೆ ಚುನಾಯಿತರು ಕೂತು ಬಹುಮತದಿಂದ ಕಾನೂನು ಮಾಡುವ ಜಾಗ. ಶರಣರ ಕೂಟದಲ್ಲಿ ಬಹುಮತವೂ ಇಲ್ಲ, ಕಾನೂನೂ ಇಲ್ಲ. ಅಲ್ಲಿದ್ದದ್ದು ಇನ್ನೊಂದು ದೊಡ್ಡ ಸಂ­ಗತಿ. ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುವ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ಪ್ರಶ್ನಿಸಿ ವಾಪಸ್ ಕಳಿಸುವ ಧೈರ್ಯ ಅಲ್ಲಿತ್ತು. ಮಂತ್ರಿಯನ್ನು ಕೂಲಿಯವ ಪ್ರಶ್ನಿಸಬಹುದಿತ್ತು. ಮಂಟಪ ಅಂದ್ರೆ ಕಟ್ಟಡ ಅಂತ ಓದಿದರೆ ಸರ್ಕಾರಕ್ಕೆ ಅನುಕೂಲ: ಟೆಂಡರ್ ಕರೆಯಬಹುದು, ರಿಬ್ಬನ್ ಕತ್ತರಿಸಬಹುದು. ಪ್ರಶ್ನೆ ಕೇಳುವ ಕೂಟ ಅಂತ ಓದಿದರೆ ಅದನ್ನು ಉದ್ಘಾಟನೆ ಮಾಡೋಕಾಗಲ್ಲ, ಸಹಿಸಿಕೊಳ್ಳಬೇಕಾಗುತ್ತೆ. ಸ್ಥಾವರ ಮತ್ತು ಜಂಗಮದ ವ್ಯತ್ಯಾಸವನ್ನು ಬಸವಣ್ಣ ಎಂಟುನೂರು ವರ್ಷಗಳ ಹಿಂದೆಯೇ ಹೇಳಿಟ್ಟಿದ್ದು ಇದಕ್ಕೇ ಇರಬೇಕು.

ಚನ್ನಪ್ಪನವರ ಬಗ್ಗೆ ನನಗಿರುವ ತಕರಾರೂ ಇಲ್ಲೇ. ಹೃದಯ ಅನ್ನೋ ಪದ ಹಾಕಿ ಅವರು ಅನುಭವ ಮಂಟಪಕ್ಕೆ ಕೊಟ್ಟ ಜಾಗ ಬಹಳ ದೊಡ್ಡದು. ಒಂದು ಧರ್ಮದ ಹೃದಯ ಅಂದಮೇಲೆ ಅದು ಇರಲೇಬೇಕು, ಇಲ್ಲ ಅಂತ ಕೇಳಿದವನು ದ್ರೋಹಿಯಾಗ್ತಾನೆ. ಚರ್ಚೆಗೆಂದೇ ಇದ್ದ ಮಂಟಪದ ಬಗ್ಗೆ ಚರ್ಚೆ ಕಷ್ಟವಾಗುತ್ತೆ. ಅವರ ಉದ್ದೇಶ ಅದಾಗಿರಲಿಲ್ಲ ಅಂತ ನನ್ನ ನಂಬಿಕೆ, ಯಾಕಂದ್ರೆ ಅವರು ಎದುರಾಳಿಗೆ ಉತ್ತರವಾಗಿ ಕೊಟ್ಟದ್ದು ಪುಸ್ತಕ. ಎಫ್‌ಐಆರ್ ಅಲ್ಲ, ಬಹಿಷ್ಕಾರದ ಕರೆಯೂ ಅಲ್ಲ.

ಯಾವ ಕಾಲಂನಲ್ಲಿ ಬರೆಯೋದು?

ಚನ್ನಪ್ಪನವರು 1962ರಲ್ಲಿ ತೀರಿಕೊಂಡರು. ಅವರ ಬದುಕಿನ ಮೂರು ಪದಗಳು ಈಗ ನಮ್ಮ ರಾಜಕೀಯದ ನಡುಮಧ್ಯ ನಿಂತಿವೆ.

ಮೊದಲನೆಯದು ಲಿಂಗಾಯತ. 2018ರ ಮಾರ್ಚ್‌ನಲ್ಲಿ ನಾಗಮೋಹನದಾಸ್ ಸಮಿತಿಯ ವರದಿ ಮುಂದಿಟ್ಟುಕೊಂಡು ರಾಜ್ಯ ಸಂಪುಟ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿದಾಗ ಇಡೀ ಜಗಳ ನಿಂತಿದ್ದು ಒಂದು ವ್ಯಾಖ್ಯೆಯ ಮೇಲೆ. ಲಿಂಗಾಯತ ಮತ್ತು ವೀರಶೈವ ಒಂದೇನಾ, ಬೇರೆನಾ? ಹುಟ್ಟಿನಿಂದ ಬರುವ ಹೆಸರಾ, ಬಸವತತ್ವ ಒಪ್ಪಿದವರ ಹೆಸರಾ? ಎರಡನೆಯ ಅರ್ಥ ಹಿಡಿದರೆ, ವಚನಗಳಿಗಾಗಿ ಕಣ್ಣು ಸವೆಸಿದ ಒಬ್ಬ ಪಾದ್ರಿ ಲಿಂಗಾಯತಕ್ಕೆ ಎಷ್ಟು ಹತ್ತಿರ, ಎಷ್ಟು ದೂರ?

ಎರಡನೆಯದು ಆಮಿಷ. 2022ರ ಮತಾಂತರ ನಿಷೇಧ ಕಾಯ್ದೆ ಆಮಿಷ ಅನ್ನೋ ಪದವನ್ನು ವಿವರಿಸುವಾಗ ಉಡುಗೊರೆ, ಹಣದ ಜೊತೆಗೆ ಧಾರ್ಮಿಕ ಸಂಸ್ಥೆ ನಡೆಸುವ ಶಾಲೆಯ ಉಚಿತ ಶಿಕ್ಷಣವನ್ನೂ, ಉತ್ತಮ ಜೀವನದ ಭರವಸೆಯನ್ನೂ ಸೇರಿಸಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಕಾಯ್ದೆ ರದ್ದು ಮಾಡುವ ತೀರ್ಮಾನ ತಗೊಂಡಿತು, ಅದು ಬೇರೆ ಮಾತು. ಆ ವ್ಯಾಖ್ಯೆಯನ್ನು ಹತ್ತೊಂಬತ್ತನೇ ಶತಮಾನದ ಧಾರವಾಡಕ್ಕೆ ಹಿಡಿದು ನೋಡಿ. ಮಿಷನ್ ಶಾಲೆಯ ಪಾಠ, ಸೆಮಿನರಿಯ ಓದು ಎಲ್ಲವೂ ಅನುಮಾನದ ಕೆಳಗೆ ಬರುತ್ತೆ. ಆ ಶಾಲೆ ಇಲ್ಲದಿದ್ದರೆ ಈ ಚನ್ನಪ್ಪನವರು ಇಲ್ಲ, 1924ರ ಆ ಪುಸ್ತಕವೂ ಇಲ್ಲ. ಬಡವರ ಮಗು ಓದಿದ್ದನ್ನು ಆಮಿಷ ಅನ್ನುವ ಸಮಾಜ, ಆ ಮಗುವಿಗೆ ಬೇರೆ ಶಾಲೆಯ ಬಾಗಿಲು ತೆರೆದಿತ್ತಾ ಅನ್ನೋದನ್ನೂ ಹೇಳಬೇಕು.

ಮೂರನೆಯದು ಜಾತಿ. 2025ರ ಸೆಪ್ಟೆಂಬರ್‌ನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾಗುವಾಗ, ಹಿಂದೂ ಜಾತಿಯ ಹೆಸರಿಗೆ ಕ್ರಿಶ್ಚಿಯನ್ ಅಂತ ಸೇರಿಸಿದ ಹೆಸರುಗಳು ಪಟ್ಟಿಯಲ್ಲಿವೆ ಅಂತ ಗಲಾಟೆಯಾಯ್ತು. ಆಯೋಗ ಅಂಥ ಹೆಸರುಗಳನ್ನು ಆ್ಯಪ್‌ನಲ್ಲಿ ಮರೆಮಾಡಿತು. ವಿರೋಧಿಸಿದವರ ಪ್ರಕಾರ ಜಾತಿ ಅಂದ್ರೆ ಧರ್ಮದ ಒಂದು ಭಾಗ, ಧರ್ಮ ಬಿಟ್ಟಮೇಲೆ ಜಾತಿಯಿಲ್ಲ. ಇನ್ನೊಂದು ಕಡೆಯವರ ಪ್ರಕಾರ ಜಾತಿ ಅಂದ್ರೆ ಸಮಾಜ ಒಬ್ಬನನ್ನು ಎಲ್ಲಿ ಕೂರಿಸಿದೆ ಅನ್ನೋದು, ಚರ್ಚ್‌ಗೆ ಹೋದ ಮಾತ್ರಕ್ಕೆ ಆ ಜಾಗ ಬದಲಾಗಲ್ಲ. ಇಲ್ಲೂ ಪದ ಒಂದೇ, ವಸ್ತು ಎರಡು. ಒಂದು ನಂಬಿಕೆಯ ಪ್ರಶ್ನೆ, ಇನ್ನೊಂದು ಅಳತೆಯ ಪ್ರಶ್ನೆ. ಸಮೀಕ್ಷೆಯ ಕೆಲಸ ಅಳೆಯೋದು. ಹಾಗಾಗಿ ನಾನು ಎರಡನೆಯವರ ಪರ.

ಸಮೀಕ್ಷೆಯವರು ಉತ್ತಂಗಿ ಚನ್ನಪ್ಪನವರ ಮನೆಗೆ ಬಂದಿದ್ದರೆ ಏನು ಬರೆದುಕೊಳ್ತಿದ್ದರು? ಧರ್ಮ: ಕ್ರೈಸ್ತ. ಊರು: ಹಡಗಲಿ ತಾಲ್ಲೂಕಿನ ಉತ್ತಂಗಿ. ಹಿರಿಯರು: ಲಿಂಗಾಯತರು. ಕೆಲಸ: ಪಾದ್ರಿ, ಸರ್ವಜ್ಞನ ಸಂಪಾದಕ, ವಚನಗಳ ಸಂಶೋಧಕ. ಯಾವ ಸಾಲನ್ನು ಮರೆಮಾಡಿದರೂ ಅದು ಅವರ ಬದುಕಲ್ಲ. ಈ ಜಗಳಗಳಲ್ಲಿ ಇಳಿಯುವ ಮೊದಲು ಎದುರಿನವರನ್ನು ಒಂದೇ ಒಂದು ಮಾತು ಕೇಳೋದು ಒಳ್ಳೇದು: ಈ ಪದದಿಂದ ನೀವು ಏನನ್ನು ತೋರಿಸ್ತಿದ್ದೀರಿ? ಉತ್ತರ ಸಿಕ್ಕ ಮೇಲೂ ಜಗಳ ಉಳಿದರೆ ಉಳೀಲಿ. ಆಗ ಕನಿಷ್ಠ ಇಬ್ಬರೂ ಒಂದೇ ವಿಷಯಕ್ಕೆ ಜಗಳ ಆಡ್ತಿರ್ತೀವಿ.